ಹಳೆಯ ಪತ್ರಿಕೆಗಳ ಕಾಗದದಿಂದ ಕೊಲಾಜ್: ಮಲೆನಾಡಿನಲ್ಲಿ ರಚಿಸುವ, ಪ್ರದರ್ಶಿಸುವ, ಕಾಪಾಡುವ ಬಗೆ

ಕಾಗದವನ್ನು ಹರಿದು, ಕತ್ತರಿಸಿ, ಅಂಟಿಸಿ ಚಿತ್ರ ಕಟ್ಟುವ ಕೊಲಾಜ್ ಕಲೆಗೆ ಬೇಕಾಗುವ ಸಾಮಗ್ರಿಯಲ್ಲಿ ಮುಕ್ಕಾಲು ಪಾಲು ನಮ್ಮ ಮನೆಯ ಅಟ್ಟದ ಮೇಲೆ ಅಥವಾ ಗುಜರಿ ಅಂಗಡಿಯ ರದ್ದಿಯ ಕಟ್ಟಿನಲ್ಲಿಯೇ ಸಿಗುತ್ತದೆ. ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈ ಕೆಲಸಕ್ಕೆ ಕೈಹಾಕುವವರು ಬಯಲುಸೀಮೆಯವರು ಅಷ್ಟಾಗಿ ಯೋಚಿಸಬೇಕಿಲ್ಲದ ಒಂದು ಸಂಗತಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ತೇವ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಾಗದ, ಅಂಟು, ರಟ್ಟು ಈ ಮೂರೂ ಗಾಳಿಯಲ್ಲಿರುವ ನೀರನ್ನು ಹೀರಿಕೊಂಡು ಹಿಗ್ಗುವ, ಒಣಗಿದಾಗ ಕುಗ್ಗುವ ವಸ್ತುಗಳು. ಒಳ್ಳೆಯ ಕಣ್ಣು, ಒಳ್ಳೆಯ ಕೈ ಎರಡೂ ಇದ್ದು ರಚಿಸಿದ ಕೃತಿ ಎರಡು ಮಳೆಗಾಲ ಕಳೆಯುವುದರೊಳಗೆ ಬೂಷ್ಟು ಹಿಡಿದು ಹಾಳಾಗುವುದನ್ನು ತಪ್ಪಿಸಬಹುದು. ಅದಕ್ಕಾಗಿ ಕಾಗದ ಆರಿಸುವ ಹೊತ್ತಿನಿಂದಲೇ ಎಚ್ಚರ ಬೇಕು.

ಕಲೆಯ ಹಿನ್ನೆಲೆಯನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1912ರಲ್ಲಿ ಪ್ಯಾರಿಸ್ಸಿನಲ್ಲಿ ಪಿಕಾಸೊ ಮತ್ತು ಬ್ರಾಕ್ ತಮ್ಮ ಚಿತ್ರಗಳಿಗೆ ಅಚ್ಚಾದ ಕಾಗದವನ್ನೂ ಪತ್ರಿಕೆಯ ತುಂಡುಗಳನ್ನೂ ಅಂಟಿಸಿದ ಮೇಲೆ ಕೊಲಾಜ್ ಆಧುನಿಕ ಕಲೆಯ ಪ್ರಮುಖ ಮಾಧ್ಯಮಗಳಲ್ಲಿ ಒಂದಾಯಿತು. ನಮ್ಮ ದೇಶದಲ್ಲಿ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರು 1957ರಲ್ಲಿ ದೃಷ್ಟಿ ಕಳೆದುಕೊಂಡ ನಂತರ ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸುತ್ತಾ ಕಲೆಯನ್ನು ಮುಂದುವರಿಸಿದರು. ಕೋಲ್ಕತ್ತದ ಹತ್ತಿರದ ಹಳ್ಳಿಯ ಶಕೀಲಾ ಅವರು ಕಲಾವಿದ ಬಿ. ಆರ್. ಪನೇಸರ್ ಅವರ ಪ್ರೋತ್ಸಾಹದಿಂದ ಹರಿದ ಕಾಗದದ ಚಿತ್ರಗಳನ್ನು ರಚಿಸಿ ದೇಶದಾದ್ಯಂತ ಹೆಸರಾದರು. ಕಲಾಶಾಲೆಯ ಮೆಟ್ಟಿಲು ಹತ್ತದವರೂ ಈ ಮಾಧ್ಯಮದಲ್ಲಿ ಎತ್ತರದ ಕೆಲಸ ಮಾಡಬಹುದು ಎಂಬುದಕ್ಕೆ ಅವರೇ ಸಾಕ್ಷಿ.

ಕೆಲಸಕ್ಕೆ ತಕ್ಕ ಕಾಲ

ಆರಿದ್ರಾದಿಂದ ಮಘಾವರೆಗಿನ ಮಳೆಗಳಲ್ಲಿ ಅಂಟಿಸುವ ಕೆಲಸವನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು. ಗಾಳಿಯ ತೇವಾಂಶ ಶೇ. 65–70ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ನಮ್ಮ ಮಳೆಗಾಲದಲ್ಲಿ ತೇವಾಂಶ ವಾರಗಟ್ಟಲೆ ಆ ಮಟ್ಟದ ಮೇಲೆಯೇ ಇರುತ್ತದೆ. ಹಾಗೆಂದು ಆ ತಿಂಗಳುಗಳು ವ್ಯರ್ಥವಾಗಬೇಕಿಲ್ಲ. ಪತ್ರಿಕೆಗಳನ್ನು ತಿರುವಿಹಾಕಿ ಪುಟಗಳನ್ನು ಆರಿಸುವುದು, ಬಣ್ಣವಾರು ವಿಂಗಡಿಸುವುದು, ಪೆನ್ಸಿಲ್ಲಿನಲ್ಲಿ ಕರಡು ಬರೆಯುವುದು ಮುಂತಾದ ಒಣ ಕೆಲಸಗಳನ್ನೆಲ್ಲ ಆಗ ಮಾಡಿಕೊಳ್ಳಬಹುದು. ದೀಪಾವಳಿ ಕಳೆದು ಅಂಗಳ ಒಣಗಿ, ಅಡಿಕೆ ಹರವುವ ಬಿಸಿಲು ಬಂದ ಮೇಲೆ ಅಂಟು ಕಲಸಿದರೆ ಜನವರಿ, ಫೆಬ್ರುವರಿಯ ಹೊತ್ತಿಗೆ ಪ್ರದರ್ಶನಕ್ಕೆ ಕೃತಿಗಳು ಸಿದ್ಧವಾಗುತ್ತವೆ. ಮಳೆಗಾಲದಲ್ಲಿಯೇ ಅಂಟಿಸಬೇಕಾದ ಅನಿವಾರ್ಯ ಬಂದರೆ ಒಂದೇ ದಿನ ಹಲವು ಪದರ ಹಾಕದೆ, ಒಂದು ಪದರ ಪೂರ್ತಿ ಆರುವವರೆಗೆ ಕಾದು ಮುಂದುವರಿಯಿರಿ.

ಕಾಗದವನ್ನು ಆರಿಸುವುದು

ಮೊದಲಿಗೆ ಒಂದು ಕೋರಿಕೆಯಿದೆ. ಕೈಗೆ ಸಿಕ್ಕ ಹಳೆಯ ಸಂಚಿಕೆಗಳಿಗೆಲ್ಲ ಕತ್ತರಿ ಹಾಕಬೇಡಿ. ಕಸ್ತೂರಿ, ಮಯೂರ, ತುಷಾರ, ಕರ್ಮವೀರದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳೂ ದೀಪಾವಳಿ ವಿಶೇಷಾಂಕಗಳೂ ಪೂರ್ಣ ರೂಪದಲ್ಲಿ ಸಿಕ್ಕಿದರೆ ಅವುಗಳ ಜಾಗ ಗ್ರಂಥಾಲಯ, ನಿಮ್ಮ ಮೇಜಲ್ಲ. ಒಂದು ಕಥೆಯ ಮೊದಲ ಪ್ರಕಟಣೆ, ಒಬ್ಬ ಚಿತ್ರಕಾರರ ರೇಖಾಚಿತ್ರ ಆ ಸಂಚಿಕೆಯಲ್ಲಿ ಮಾತ್ರ ಉಳಿದಿರಬಹುದು. ಹೊದಿಕೆ ಹರಿದ, ಪುಟ ಕಳೆದುಹೋದ, ಗೆದ್ದಲು ತಿಂದು ಅರ್ಧ ಉಳಿದ ಸಂಚಿಕೆಗಳನ್ನೂ ಈಚಿನ ವರ್ಷಗಳ ಜಾಹೀರಾತು ತುಂಬಿದ ಪುರವಣಿಗಳನ್ನೂ ಕತ್ತರಿಸಿ. ಅವು ಧಾರಾಳವಾಗಿ ಸಿಗುತ್ತವೆ.

ಪತ್ರಿಕೆಯ ಕಾಗದದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಹೊದಿಕೆಗೂ ಬಣ್ಣದ ಪುಟಗಳಿಗೂ ಬಳಸುವ ಹೊಳಪಿನ ಕಾಗದ. ಇದರ ಮೇಲೆ ಜೇಡಿಮಣ್ಣಿನ ಅಥವಾ ಸುಣ್ಣದ ಅಂಶದ ತೆಳುವಾದ ಲೇಪವಿದ್ದು, ಶಾಯಿ ಒಳಗೆ ಇಂಗದೆ ಮೇಲೆಯೇ ನಿಲ್ಲುವುದರಿಂದ ಬಣ್ಣ ಗಾಢವಾಗಿ ಕಾಣುತ್ತದೆ. ಇನ್ನೊಂದು, ದಿನಪತ್ರಿಕೆಗಳಲ್ಲಿ ಕಾಣುವ ಒರಟಾದ ಪತ್ರಿಕಾ ಕಾಗದ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ದಶಕಗಳ ಕಾಲ ತಯಾರಿಸಿದ್ದು ಇದೇ ಕಾಗದವನ್ನು. ನಿಮ್ಮ ಅಟ್ಟದ ಮೇಲಿನ ಹಳೆಯ ಕಟ್ಟಿನಲ್ಲಿ ನಮ್ಮ ಜಿಲ್ಲೆಯದೇ ಕಾಗದ ಇದ್ದರೂ ಇರಬಹುದು. ಮರವನ್ನು ಯಂತ್ರದಲ್ಲಿ ಅರೆದು ಮಾಡುವ ಈ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗಿ ಪುಡಿಪುಡಿಯಾಗುತ್ತದೆ. ಆದುದರಿಂದ ಚಿತ್ರದ ಮುಖ್ಯ ಭಾಗಗಳಿಗೆ ಹೊಳಪಿನ ಕಾಗದವನ್ನೇ ಬಳಸಿ. ಪತ್ರಿಕಾ ಕಾಗದ ಬೇಕೇಬೇಕೆನಿಸಿದರೆ, ಈಗಾಗಲೇ ಹಳದಿಯಾಗಿರುವುದನ್ನೇ ಆರಿಸಿ, ಆ ಹಳದಿಯನ್ನೇ ಒಂದು ಬಣ್ಣವೆಂದು ಬಳಸುವುದು ಜಾಣತನ.

ಆರಿಸಿದ ಪುಟಗಳ ಸ್ಟೇಪಲ್ ಪಿನ್ನುಗಳನ್ನು ಅಂದೇ ತೆಗೆದುಹಾಕಬೇಕು. ನಮ್ಮ ಹವೆಯಲ್ಲಿ ಪಿನ್ನು ಬೇಗ ತುಕ್ಕು ಹಿಡಿಯುತ್ತದೆ, ಆ ಕಲೆ ಕಾಗದದಿಂದ ಹೋಗುವುದಿಲ್ಲ. ಬೂಷ್ಟಿನ ವಾಸನೆ ಬರುವ ಪುಟ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಅದೊಂದೇ ಪುಟದಿಂದ ಉಳಿದದ್ದಕ್ಕೆಲ್ಲ ಬೂಷ್ಟು ಹರಡುತ್ತದೆ. ಉಳಿದ ಹಾಳೆಗಳನ್ನು ಒಂದು ದಿನ ಗಾಳಿಯಾಡುವ ನೆರಳಿನಲ್ಲಿ ಹರವಿ ನಂತರ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಅಡುಗೆಮನೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ತೆರೆದಿಟ್ಟರೆ ಹೊಗೆಯ ಮಸಿ ಕೂರುತ್ತದೆ.

ಪುಟವನ್ನು ಬಣ್ಣವೆಂದು ನೋಡುವುದು

ಹೊಸಬರು ಸಾಮಾನ್ಯವಾಗಿ ಪತ್ರಿಕೆಯಲ್ಲಿ ಚಿತ್ರಗಳನ್ನು ಹುಡುಕುತ್ತಾರೆ. ಮರ ಬೇಕಾದರೆ ಮರದ ಫೋಟೊ, ಮುಖ ಬೇಕಾದರೆ ಮುಖದ ಫೋಟೊ ಕತ್ತರಿಸಿ ಜೋಡಿಸುತ್ತಾರೆ. ಅದೂ ಒಂದು ಮಾರ್ಗವೇ. ಆದರೆ ಕೊಲಾಜಿನ ನಿಜವಾದ ಶಕ್ತಿ ತೆರೆದುಕೊಳ್ಳುವುದು ಪುಟದಲ್ಲಿ ಏನಿದೆ ಎಂಬುದನ್ನು ಮರೆತು ಯಾವ ಬಣ್ಣವಿದೆ ಎಂದು ನೋಡಲು ಕಲಿತಾಗ ಎಂದು ನಾನು ನಂಬಿದ್ದೇನೆ. ಚಿನ್ನಾಭರಣದ ಜಾಹೀರಾತಿನಲ್ಲಿ ಹೊಂಬಣ್ಣದಿಂದ ಕಂದಿನವರೆಗೆ ಹತ್ತಾರು ಛಾಯೆಗಳಿರುತ್ತವೆ. ಅಡಿಕೆ ಗೊನೆಗೂ ಒಣಹುಲ್ಲಿಗೂ ಅವು ಒದಗುತ್ತವೆ. ತಲೆಗೂದಲ ಎಣ್ಣೆಯ ಜಾಹೀರಾತಿನ ಕಪ್ಪು ಕಾಡಿನ ನೆರಳಿಗೆ ಹೇಳಿ ಮಾಡಿಸಿದಂತಿರುತ್ತದೆ. ನಿವೇಶನದ ಜಾಹೀರಾತಿನ ಆಕಾಶದಲ್ಲಿ ತಿಳಿನೀಲಿ ಧಾರಾಳವಾಗಿ ಸಿಕ್ಕಿದರೆ, ರೇಷ್ಮೆ ಸೀರೆಯ ಪುಟದಲ್ಲಿ ಕೆಮ್ಮಣ್ಣಿನ ಬಣ್ಣ ಸಿಗುತ್ತದೆ. ಮಲೆನಾಡಿನವರಿಗೆ ಬೇಕಾಗುವ ಹಸಿರೇ ಕಷ್ಟ. ಜಾಹೀರಾತಿನ ಹಸಿರು ಹುಲ್ಲುಹಾಸಿನ ಹಳದಿ ಮಿಶ್ರಿತ ಹಸಿರು. ನಮ್ಮ ಶೋಲಾ ಕಾಡಿನ, ಅಡಿಕೆ ತೋಟದ ಒಳಗಿನ ಹಸಿರು ಅದಕ್ಕಿಂತ ತುಂಬ ಗಾಢ. ಹಾಗಾಗಿ ಕಡುಹಸಿರಿನ ಚೂರು ಎಲ್ಲಿ ಕಂಡರೂ ಬೆರಳಗಲದ್ದಾದರೂ ಸರಿ, ತೆಗೆದಿಟ್ಟುಕೊಳ್ಳಿ.

ಸಣ್ಣಕ್ಷರದ ಕಥೆಯ ಅಂಕಣವನ್ನು ನಾಲ್ಕಡಿ ದೂರದಿಂದ ನೋಡಿದರೆ ಅದು ಬೂದುಬಣ್ಣದ ಪಟ್ಟಿ. ಅಕ್ಷರ ಒತ್ತೊತ್ತಾಗಿದ್ದರೆ ಗಾಢ ಬೂದು, ಸಾಲುಗಳ ನಡುವೆ ಜಾಗವಿದ್ದರೆ ತೆಳು ಬೂದು. ಮಳೆಯ ಆಕಾಶಕ್ಕೆ, ಹೆಂಚಿನ ಮಾಡಿನ ಪಾಚಿಗೆ ಇದಕ್ಕಿಂತ ಒಳ್ಳೆಯ ಬಣ್ಣ ಸಿಗದು. ಆದರೆ ಕನ್ನಡ ಬಲ್ಲವರ ಕಣ್ಣು ಅಕ್ಷರ ಕಂಡಕೂಡಲೇ ಓದಲು ತೊಡಗುತ್ತದೆ, ಚಿತ್ರವನ್ನು ಬಿಟ್ಟು ಪದಗಳ ಹಿಂದೆ ಹೋಗುತ್ತದೆ. ಓದಿಸುವ ಉದ್ದೇಶವಿಲ್ಲದಿದ್ದರೆ ಅಂಕಣವನ್ನು ತಲೆಕೆಳಗಾಗಿ ಅಥವಾ ಅಡ್ಡವಾಗಿ ಅಂಟಿಸಿ.

ವಿಂಗಡಿಸುವಾಗ ಬಣ್ಣಕ್ಕಿಂತ ಹೆಚ್ಚಾಗಿ ತಿಳಿ, ಮಧ್ಯಮ, ಗಾಢ ಎಂಬ ಮೂರು ಅಂತರಗಳ ಮೇಲೆ ಗಮನವಿರಲಿ. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದರೆ ಈ ಅಂತರ ತಕ್ಷಣ ತಿಳಿಯುತ್ತದೆ. ಆರಂಭದ ಅಭ್ಯಾಸಕ್ಕೆ ನಾನು ಸೂಚಿಸುವುದು ಹಸೆ ಚಿತ್ತಾರದ ಬಣ್ಣಗಳ ಮಿತಿಯನ್ನು. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇಷ್ಟನ್ನೇ ಬಳಸಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ರೇಖೆಗಳಲ್ಲಿ ಇಡೀ ಮದುವೆಯ ಸಡಗರವನ್ನು ಹಿಡಿಯುತ್ತಾರೆ. ಕೆಂಪು, ಬಿಳಿ, ಕಪ್ಪು, ಹಳದಿ ಈ ನಾಲ್ಕೇ ಬಣ್ಣದ ಪುಟಗಳಿಂದ ಮೊದಲ ಒಂದೆರಡು ಕೊಲಾಜ್ ಮಾಡಿದರೆ ಸಂಯಮ ತಾನಾಗಿ ಬರುತ್ತದೆ. ಚಿತ್ತಾರದ ವಿನ್ಯಾಸವನ್ನೇ ಎತ್ತಿಕೊಂಡರೆ ಮಾತ್ರ, ಪ್ರದರ್ಶನದ ಚೀಟಿಯಲ್ಲಿ ಆ ಪರಂಪರೆಯ ಹೆಸರನ್ನು ಬರೆಯುವುದು ನಮ್ಮ ಕರ್ತವ್ಯ.

ತಳ ಮತ್ತು ಅಂಟು

ತಳಕ್ಕೆ ತೆಳು ಡ್ರಾಯಿಂಗ್ ಹಾಳೆ ಸಾಲದು. ಅಂಟಿನ ನೀರಿಗೆ ಅದು ಸುರುಳಿ ಸುತ್ತುತ್ತದೆ. ಎ3 ಅಳತೆಯವರೆಗೆ, ಅಂದರೆ 297 × 420 ಮಿಲಿಮೀಟರಿನವರೆಗೆ, ದಪ್ಪ ಮೌಂಟ್ ಬೋರ್ಡ್ ಸಾಕು. ಅದಕ್ಕಿಂತ ದೊಡ್ಡದಕ್ಕೆ 6 ಮಿಲಿಮೀಟರ್ ಪ್ಲೈವುಡ್ ಒಳ್ಳೆಯದು. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡುವ ಎಂಡಿಎಫ್ ಹಲಗೆಯೂ ನಡೆಯುತ್ತದೆ, ಆದರೆ ಅದರ ಅಂಚು ನೀರು ಕುಡಿದರೆ ಉಬ್ಬುತ್ತದೆ. ಮರದ ತಳವಾದರೆ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ನೀರು ಬೆರೆಸಿದ ಫೆವಿಕಾಲನ್ನು ಒಂದು ಸಲ ಬಳಿದು ಒಣಗಿಸಬೇಕು. ಇನ್ನೂ ಒಂದು ಮಾತನ್ನು ಮರೆಯಬಾರದು: ಮುಂಭಾಗಕ್ಕೆ ಕಾಗದ ಅಂಟಿಸಿದಂತೆ ಹಿಂಭಾಗಕ್ಕೂ ಅಷ್ಟೇ ದಪ್ಪದ ಒಂದು ಪದರ ಕಾಗದವನ್ನು ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗಿ ರಟ್ಟು ಬಾಗುವುದಿಲ್ಲ.

ಗೋಡೆಗೆ ಪೋಸ್ಟರ್ ಹಚ್ಚುವವರು ಬಳಸುವ ಮೈದಾ ಅಂಟು ಅಗ್ಗ, ಬಳಿಯಲೂ ಸುಲಭ. ಆದರೆ ಮಲೆನಾಡಿನಲ್ಲಿ ಅದು ಬೂಷ್ಟಿಗೂ ಜಿರಲೆಗೂ ಊಟ. ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವ ಹಳೆಯ ರೂಢಿಯಿದೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ ಮನೆಯಲ್ಲಿಯೇ ಇರುವುದರಿಂದ ಹಾಗೆ ಮಾಡುವ ಮನಸ್ಸೂ ಆಗುತ್ತದೆ. ಮಾಡಬೇಡಿ. ಅದು ವಿಷ, ಜೊತೆಗೆ ತಾಮ್ರದ ಅಂಶ ಕಾಲಕ್ರಮೇಣ ಕಾಗದದ ನಾರನ್ನೇ ಶಿಥಿಲಗೊಳಿಸುತ್ತದೆ. ಫೆವಿಕಾಲಿನಂಥ ಬಿಳಿಯ ಅಂಟು, ಅಥವಾ ಕೈಯಲ್ಲಿ ಹಣವಿದ್ದರೆ ಹೊಳಪಿಲ್ಲದೆ ಒಣಗುವ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಎಂಬ ದ್ರವ, ಇವೆರಡರಲ್ಲಿ ಒಂದನ್ನು ಬಳಸಿ. ತೆಳು ಪುಟಕ್ಕೆ ಮೂರು ಪಾಲು ಅಂಟಿಗೆ ಒಂದು ಪಾಲು ನೀರು, ಹೊದಿಕೆಯ ದಪ್ಪ ಕಾಗದಕ್ಕೆ ನೀರು ಬೆರೆಸದ ಅಂಟಿನ ತೆಳು ಲೇಪ ಸರಿಯಾಗುತ್ತದೆ.

ಹರಿಯುವುದು, ಜೋಡಿಸುವುದು: ಒಂದು ಉದಾಹರಣೆ

ಕೊಡಚಾದ್ರಿಯ ಕಡೆಯ ಬೆಟ್ಟಸಾಲನ್ನು ಎ3 ಅಳತೆಯಲ್ಲಿ ರಚಿಸುವುದೆಂದು ಇಟ್ಟುಕೊಳ್ಳೋಣ. ಬೆಳಗಿನ ಮಂಜಿನಲ್ಲಿ ದೂರದ ಸಾಲು ತಿಳಿಯಾದ ನೀಲಿಬೂದು, ಅದರ ಮುಂದಿನದು ಸ್ವಲ್ಪ ಗಾಢ, ಹತ್ತಿರದ್ದು ಕಡುಹಸಿರು. ಕೆಳಗೆ ತೋಟದ ಕಪ್ಪು. ಗಾಳಿಯಲ್ಲಿನ ನೀರಿನ ಕಣಗಳು ಬೆಳಕನ್ನು ಚದುರಿಸುವುದರಿಂದಲೇ ದೂರ ಹೋದಂತೆ ಬೆಟ್ಟ ಮಾಸುತ್ತದೆ. ಆಕಾಶವನ್ನೂ ಸೇರಿಸಿ ಐದು ಪದರಗಳಾದವು.

ಇಲ್ಲಿ ಕತ್ತರಿಯನ್ನು ಬದಿಗಿಟ್ಟು ಕೈಯಿಂದ ಹರಿಯಬೇಕು. ಹೊಳಪಿನ ಕಾಗದವನ್ನು ಹರಿದಾಗ ಎರಡು ತುಂಡುಗಳಲ್ಲಿ ಒಂದಕ್ಕೆ ಬಿಳಿಯ ಅಂಚು ಬರುತ್ತದೆ. ಎಳೆಯುವ ದಿಕ್ಕು ಬದಲಿಸಿದರೆ ಆ ಅಂಚು ಇನ್ನೊಂದು ತುಂಡಿಗೆ ಹೋಗುತ್ತದೆ. ಒಂದೆರಡು ರದ್ದಿ ಹಾಳೆಯಲ್ಲಿ ಅಭ್ಯಾಸ ಮಾಡಿದರೆ ಬೇಕೆಂದಾಗ ಬಿಳಿ ಅಂಚು ತರುವ, ಬೇಡವೆಂದಾಗ ತಪ್ಪಿಸುವ ಹದ ಕೈಗೆ ಬರುತ್ತದೆ. ಬೆಟ್ಟದ ನೆತ್ತಿಯ ಮೇಲೆ ಈ ಬಿಳಿ ಅಂಚು ಉಳಿದರೆ ಅದೇ ಎರಡು ಸಾಲುಗಳ ನಡುವೆ ನಿಂತ ಮಂಜು. ಯಾವ ಕುಂಚದಿಂದಲೂ ಇಷ್ಟು ಸಹಜವಾಗಿ ಅದನ್ನು ತರಲಾಗದು, ಮತ್ತು ಕೊಲಾಜ್ ನನಗೆ ಇಷ್ಟು ಪ್ರಿಯವಾಗಿರುವುದಕ್ಕೆ ಈ ಅಂಚೇ ಮುಖ್ಯ ಕಾರಣ. ಕಾಗದಕ್ಕೆ ನಾರಿನ ದಿಕ್ಕೂ ಇದೆ: ಒಂದು ದಿಕ್ಕಿನಲ್ಲಿ ಹರಿದರೆ ನೇರವಾಗಿ ಬರುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕಾಗುತ್ತದೆ. ಅಡಿಕೆ ಮರದ ಕಾಂಡಕ್ಕೆ ಮೊದಲನೆಯದು, ಬೆಟ್ಟದ ಮೇಲಂಚಿಗೆ ಎರಡನೆಯದು ಹೊಂದುತ್ತದೆ. ಗರಿಯಂಥ ಸೂಕ್ಷ್ಮ ಭಾಗಗಳಿಗೆ ಮಾತ್ರ ಪೇಪರ್ ಕಟರ್ ಬಳಸಿ.

ಎಲ್ಲ ತುಂಡುಗಳನ್ನು ಅಂಟಿಲ್ಲದೆ ತಳದ ಮೇಲೆ ಜೋಡಿಸಿ, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಟ್ಟು ಮರುದಿನ ಹೊಸ ಕಣ್ಣಿನಿಂದ ನೋಡಿ. ತೃಪ್ತಿಯಾದ ಮೇಲೆ ಮೊಬೈಲಿನಲ್ಲಿ ಫೋಟೊ ತೆಗೆದು, ತುಂಡುಗಳ ಹಿಂದೆ ಪೆನ್ಸಿಲ್ಲಿನಿಂದ ಅಂಕಿ ಹಾಕಿ, ಒಂದೊಂದಾಗಿ ತೆಗೆಯಿರಿ. ಈ ಹಂತದಲ್ಲಿಯೇ ಪ್ರತಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ತೆಳು ಕಾಗದ ಅಂಟು ಕುಡಿದಾಗ ಪಾರದರ್ಶಕವಾಗಿ ಹಿಂಬದಿಯ ಅಕ್ಷರಗಳು ಮುಂದೆ ಮೂಡುತ್ತವೆ. ಅಂಥವುಗಳ ಹಿಂದೆ ಮೊದಲು ಒಂದು ಬಿಳಿ ಹಾಳೆ ಅಂಟಿಸಿಕೊಳ್ಳಿ.

ಅಂಟಿಸುವುದು ಹಿಂದಿನ ಪದರದಿಂದ ಮುಂದಕ್ಕೆ. ತಳಕ್ಕೂ ತುಂಡಿನ ಹಿಂಬದಿಗೂ ತೆಳುವಾಗಿ ಅಂಟು ಬಳಿದು ಅರ್ಧ ನಿಮಿಷ ಕಾಯಬೇಕು. ನೀರು ತಾಗಿದ ಕಾಗದ ಮೊದಲು ಹಿಗ್ಗುತ್ತದೆ; ಹಿಗ್ಗುವ ಮೊದಲೇ ಅಂಟಿಸಿದರೆ ಅಂಟಿಸಿದ ಮೇಲೆ ಹಿಗ್ಗಿ ಸುಕ್ಕು ಬೀಳುತ್ತದೆ. ಬಹುಪಾಲು ಸುಕ್ಕಿಗೆ ಇದೊಂದೇ ಕಾರಣ. ತುಂಡನ್ನು ಇಟ್ಟು, ಮೇಲೆ ಬಟರ್ ಪೇಪರ್ ಹರಡಿ, ನಡುವಿನಿಂದ ಅಂಚಿಗೆ ಮೆತ್ತಗಿನ ಬಟ್ಟೆಯಿಂದ ಒತ್ತುತ್ತಾ ಗಾಳಿಯನ್ನು ಹೊರಡಿಸಿ. ಒಂದು ಪದರ ಮುಗಿದಾಗಲೆಲ್ಲ ಬಟರ್ ಪೇಪರಿನ ಮೇಲೆ ಒಣ ರದ್ದಿ ಹಾಳೆಗಳನ್ನಿಟ್ಟು, ಹಲಗೆ ಮುಚ್ಚಿ, ಭಾರ ಹೇರಿ ರಾತ್ರಿಯಿಡೀ ಬಿಡಿ. ಒದ್ದೆಯಾದ ರದ್ದಿಯನ್ನು ನಡುವೆ ಒಮ್ಮೆ ಬದಲಾಯಿಸಿ.

ಕೊನೆಯ ಪದರ ಒಣಗಿ ಮೂರು ನಾಲ್ಕು ದಿನ ಕಳೆದ ಮೇಲೆ ಅಕ್ರಿಲಿಕ್ ಮ್ಯಾಟ್ ವಾರ್ನಿಶ್ಶನ್ನು ಎರಡು ತೆಳು ಲೇಪಗಳಲ್ಲಿ, ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ ಬಳಿಯಿರಿ. ಮರಕ್ಕೆ ಹಚ್ಚುವ ಎಣ್ಣೆಯ ವಾರ್ನಿಶ್ ಹಳದಿಯಾಗುತ್ತದೆ. ಮೋಡ ಕವಿದ ದಿನ ಈ ಕೆಲಸ ಬೇಡ. ತೇವ ಸಿಕ್ಕಿಹಾಕಿಕೊಂಡರೆ ಲೇಪ ಹಾಲಿನಂತೆ ಮಬ್ಬಾಗುತ್ತದೆ.

ಕಟ್ಟು ಹಾಕಿಸುವುದು

ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯವರೇ ಕೊಲಾಜಿಗೂ ಕಟ್ಟು ಹಾಕಿಕೊಡುತ್ತಾರೆ. ಆದರೆ ಎರಡು ಸಂಗತಿಗಳನ್ನು ಅವರಿಗೆ ಬಿಡಿಸಿ ಹೇಳಬೇಕು. ಗಾಜು ಕೃತಿಗೆ ತಾಗಬಾರದು. ನಡುವೆ ಮೌಂಟ್ ಬೋರ್ಡಿನ ಅಂಚುಪಟ್ಟಿ ಬೇಕು. ಗಾಜಿನ ಒಳಮೈಯಲ್ಲಿ ನೀರು ಹನಿಗಟ್ಟಿದರೆ ಹೊಳಪಿನ ಕಾಗದ ಅದಕ್ಕೇ ಅಂಟಿಕೊಂಡು, ಬಿಡಿಸುವಾಗ ಬಣ್ಣವೆಲ್ಲ ಕಿತ್ತುಬರುತ್ತದೆ. ಎರಡನೆಯದಾಗಿ, ಚೌಕಟ್ಟಿನ ಹಿಂದಿನ ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಸಣ್ಣ ಗುಂಡಿ ಅಂಟಿಸಿದರೆ ಗೋಡೆಗೂ ಕೃತಿಗೂ ನಡುವೆ ಗಾಳಿಯಾಡುತ್ತದೆ.

ಪ್ರದರ್ಶನ

ಶಿವಮೊಗ್ಗದ ಕುವೆಂಪು ರಂಗಮಂದಿರ, ಸಾಹಿತ್ಯ ಕಾರ್ಯಕ್ರಮಗಳು ನಡೆಯುವ ಕರ್ನಾಟಕ ಸಂಘ, ಶಾಲಾ ಕಾಲೇಜುಗಳ ಸಭಾಂಗಣ, ಗ್ರಂಥಾಲಯದ ಮೊಗಸಾಲೆ ಹೀಗೆ ಜನ ಬೇರೆ ಕಾರಣಕ್ಕೂ ಬರುವ ಜಾಗಗಳನ್ನು ಮೊದಲು ವಿಚಾರಿಸಿ. 1949ರಿಂದ ರಂಗಭೂಮಿಯ ಕೆಲಸ ನಡೆಸಿಕೊಂಡು ಬಂದಿರುವ ಹೆಗ್ಗೋಡಿನ ನೀನಾಸಮ್‌ನಂಥ ಸಂಸ್ಥೆಯಿರುವ ಊರುಗಳಲ್ಲಿ ಕಲೆ ನೋಡುವ ಅಭ್ಯಾಸವಿರುವ ಜನ ಸಿಗುತ್ತಾರೆ. ದೊಡ್ಡ ಊರಿಗೆ ಹೋಗುವ ಧೈರ್ಯ ಬಂದಾಗ, ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿ ಸುಮಾರಿಗೆ ನಡೆಸುವ ಚಿತ್ರಸಂತೆಗೆ ಅರ್ಜಿ ಹಾಕಬಹುದು.

ಜಾಗ ಗೊತ್ತಾದ ಮೇಲೆ ಗೋಡೆಯ ಉದ್ದ ಅಳೆಯಿರಿ. 45 ಸೆಂಟಿಮೀಟರ್ ಅಗಲದ 20 ಚೌಕಟ್ಟುಗಳನ್ನು ತಲಾ 20 ಸೆಂಟಿಮೀಟರ್ ಅಂತರದಲ್ಲಿ ಹಾಕಲು ಸುಮಾರು 13 ಮೀಟರ್ ಬೇಕು. ಜಾಗ ಕಡಿಮೆಯಾದರೆ ಕೃತಿಗಳನ್ನು ಕಡಿಮೆ ಮಾಡಿ. ಇಕ್ಕಟ್ಟಿನಲ್ಲಿ ತೂಗಿದ 20 ಕೃತಿಗಳಿಗಿಂತ ಉಸಿರಾಡಲು ಜಾಗವಿರುವ 12 ಕೃತಿಗಳು ಚೆನ್ನಾಗಿ ಕಾಣುತ್ತವೆ. ಬಾಡಿಗೆ ಸಭಾಂಗಣಗಳಲ್ಲಿ ಗೋಡೆಗೆ ಮೊಳೆ ಹೊಡೆಯಲು ಬಿಡದಿದ್ದರೆ ಅಡಿಕೆ ದಬ್ಬೆಯ ಚೌಕಟ್ಟು ಕಟ್ಟಿಸಿ ನಿಲ್ಲಿಸಬಹುದು. ದಬ್ಬೆ ಹಗುರ, ಗಟ್ಟಿ, ನೋಡಲೂ ಚೆಂದ. ಆದರೆ ಹೊಸದಾಗಿ ಸೀಳಿದ ಹಸಿ ದಬ್ಬೆ ಬೇಡ.

ಎಲ್ಲ ಕೃತಿಗಳ ನಡುಬಿಂದು ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಒಂದೇ ಸಾಲಿಗೆ ಬರಲಿ. ಚೌಕಟ್ಟಿನ ಎತ್ತರ 60 ಸೆಂಟಿಮೀಟರ್ ಆಗಿದ್ದು, ಹಿಂದಿನ ತಂತಿಯನ್ನು ಎಳೆದು ಹಿಡಿದಾಗ ಅದು ಮೇಲಂಚಿನಿಂದ 6 ಸೆಂಟಿಮೀಟರ್ ಕೆಳಗೆ ನಿಲ್ಲುವುದಾದರೆ, 150ಕ್ಕೆ 30 ಕೂಡಿಸಿ 6 ಕಳೆದು 174 ಸೆಂಟಿಮೀಟರಿನಲ್ಲಿ ಕೊಕ್ಕೆ ಹಾಕಬೇಕು. ಶಾಲೆಯಲ್ಲಿ ಮಕ್ಕಳಿಗಾಗಿ ಏರ್ಪಡಿಸಿದ್ದರೆ ಈ ಎತ್ತರವನ್ನು ಇಳಿಸಿ. ಬಿಸಿಲು ಬೀಳುವ ಗೋಡೆ ಬೇಡ. ಪತ್ರಿಕೆಯ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ. ವಸ್ತುಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕಿನ ಮಿತಿ ಇಟ್ಟುಕೊಳ್ಳುತ್ತವೆ. ಎಲ್‌ಇಡಿ ದೀಪವನ್ನು ಮೇಲಿನಿಂದ ಓರೆಯಾಗಿ ಬಿಟ್ಟರೆ ಗಾಜಿನ ಪ್ರತಿಫಲನವೂ ತಪ್ಪುತ್ತದೆ.

ಪ್ರತಿ ಕೃತಿಯ ಪಕ್ಕದ ಚೀಟಿಯಲ್ಲಿ ಹೆಸರು, ವರ್ಷ, ‘ಹಳೆಯ ಪತ್ರಿಕೆಗಳ ಕಾಗದ, ಮೌಂಟ್ ಬೋರ್ಡಿನ ಮೇಲೆ’ ಎಂಬಂಥ ಮಾಧ್ಯಮದ ವಿವರ, ಅಳತೆ ಇರಲಿ. ಬೆಲೆಪಟ್ಟಿಯನ್ನು ಮೇಜಿನ ಮೇಲೆ ಬೇರೆಯಾಗಿಡಿ. ರದ್ದಿಯಿಂದ ಮಾಡಿದ್ದೆಂಬ ಸಂಕೋಚದಿಂದ ಬೆಲೆಯನ್ನು ತೀರಾ ಇಳಿಸಬೇಡಿ: ಕಟ್ಟಿನ ಖರ್ಚು, ಸಾಮಗ್ರಿ, ನಿಮ್ಮ ದಿನಗಳ ದುಡಿಮೆ ಮೂರನ್ನೂ ಸೇರಿಸಿಯೇ ಬೆಲೆ ಕಟ್ಟಬೇಕು. ಮಾರಾಟದ ಮಾತು ಬಂದಾಗ 1957ರ ಕೃತಿಸ್ವಾಮ್ಯ ಕಾಯಿದೆಯೂ ನೆನಪಿರಲಿ. ಪ್ರಕಟವಾದ ಛಾಯಾಚಿತ್ರದ ಹಕ್ಕು ಪ್ರಕಟಣೆಯ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಒಬ್ಬರು ತೆಗೆದ ಫೋಟೊ ಗುರುತು ಹಿಡಿಯುವಂತೆ ಇಡಿಯಾಗಿ ನಿಮ್ಮ ಕೃತಿಯಲ್ಲಿದ್ದರೆ ಅನುಮತಿ ಕೇಳುವುದು ನ್ಯಾಯ. ಪುಟವನ್ನು ಬಣ್ಣವಾಗಿ ಹರಿದು ಬಳಸುವವರಿಗೆ ಈ ತೊಡಕು ಬಹುಮಟ್ಟಿಗೆ ಎದುರಾಗುವುದಿಲ್ಲ.

ಪ್ರದರ್ಶನದ ನಂತರ

ಮಾರಾಟವಾಗದೆ ಉಳಿದ ಕೃತಿಗಳ ಗಾಜನ್ನು ಒಣ ಬಟ್ಟೆಯಿಂದ ಒರೆಸಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಮುಖಕ್ಕೆ ಮುಖ ಬರುವಂತೆ ನೆಟ್ಟಗೆ ನಿಲ್ಲಿಸಿಡಿ. ಕಟ್ಟಿಲ್ಲದ ಕೃತಿಗಳ ನಡುವೆ ಬಟರ್ ಪೇಪರ್ ಇಟ್ಟು ಮುಚ್ಚಳದ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ. ಜಾಗ ನೆಲದಿಂದ ಗೇಣುದ್ದ ಮೇಲಿರಲಿ, ಮಳೆಯ ಎರಚಲು ಬಡಿಯುವ ಹೊರಗೋಡೆಗೆ ತಾಗಿರಬಾರದು. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಹೊಳವಾದ ದಿನ ನೋಡಿ ಡಬ್ಬಿ ತೆರೆದು, ಕೃತಿಗಳನ್ನು ನೆರಳಿನ ಗಾಳಿಗೆ ಹಿಡಿದು, ಪೊಟ್ಟಣಗಳನ್ನು ಬಿಸಿಮಾಡಿ ಒಣಗಿಸಿ ಮತ್ತೆ ಇಡಬೇಕು. ಎಲ್ಲಾದರೂ ಬೂಷ್ಟಿನ ಚುಕ್ಕೆ ಕಂಡರೆ ಆ ಕೃತಿಯನ್ನು ಕೂಡಲೇ ಬೇರೆಯಿಟ್ಟು, ಪೂರ್ತಿ ಒಣಗಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಹೊರಗೆ ಮೆತ್ತಗಿನ ಬ್ರಷ್ಷಿನಿಂದ ಉದುರಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟು ಕಾಗದದ ಒಳಕ್ಕೆ ಇಳಿಯುತ್ತದೆ.